ನಿಂತೇ ಇದ್ದ ಎತ್ತು

ಪಂದ್ಯದ ಎತ್ತಿನ ಮೈಗೆ ಸಗಣಿ ಹತ್ತಬಾರದು. ನಮ್ಮ ಕಡೆ ಇದು ಮರ್ಯಾದೆಯ ಪ್ರಶ್ನೆ. ಎತ್ತು ನೋಡಲು ಬಂದವರು ಮೊದಲು ನೋಡುವುದು ಅದರ ಪಕ್ಕೆಯನ್ನು. ಪಕ್ಕೆ ಬೆಳ್ಳಗಿದ್ದರೆ ಚೆನ್ನಾಗಿ ಸಾಕಿದ್ದಾರೆ ಎನ್ನುತ್ತಾರೆ. ಕಲೆ ಕಂಡರೆ ಎದುರಿಗೆ ಏನೂ ಅನ್ನುವುದಿಲ್ಲ. ಚಹಾ ಕುಡಿದು ಹೋಗಿ ಊರೆಲ್ಲ ಹೇಳುತ್ತಾರೆ. ನಮ್ಮ ಮೈಲಾರಿಯ ಪಕ್ಕೆ ಆ ಚಳಿಗಾಲದಲ್ಲಿ ಒಗೆದು ಹಾಕಿದ ಧೋತರದ ಹಾಗೆ ಇತ್ತು. ಅದನ್ನು ನೋಡಿ ಹಿಗ್ಗಿದವರಲ್ಲಿ ನಾನೂ ಒಬ್ಬಳು.

ಮೈಲಾರಿ ನನ್ನ ತಮ್ಮನ ಮಗ ಸಾಕಿದ ಎತ್ತು. ತಮ್ಮ ಹೋದ ಮೇಲೆ ಹೊಲಮನೆ ಈ ಅಳಿಯನ ಕೈಗೆ ಬಂತು, ಕೊಟ್ಟಿಗೆ ನನ್ನ ಕೈಯಲ್ಲೇ ಉಳಿಯಿತು. ಮಕ್ತಲ್ ದಾಟಿ ಕೃಷ್ಣಾ ನದಿಯ ಕಡೆ ಇಳಿದರೆ ನಮ್ಮ ಊರು. ಸುಗ್ಗಿ ಮುಗಿಯಿತೆಂದರೆ ಇಲ್ಲಿ ಕಲ್ಲು ಎಳೆಯುವ ಪಂದ್ಯಗಳು ಶುರು. ಜೋಡಿ ಎತ್ತಿಗೆ ಒಂದು ದೊಡ್ಡ ಬಂಡೆ ಕಟ್ಟುತ್ತಾರೆ. ಕೊಟ್ಟ ವೇಳೆಯಲ್ಲಿ ಯಾವ ಜೋಡಿ ಹೆಚ್ಚು ದೂರ ಎಳೆಯಿತೋ ಅದು ಗೆದ್ದ ಹಾಗೆ. ಮೇವು, ಮಾಲೀಸು, ಬಿಸಿನೀರು, ಇವು ನನ್ನ ಕೆಲಸ. ನೊಗ ಹೂಡಿ ಎಳೆಸುವುದು ಎತ್ತು ಹೊಡೆಯುವವನ ಕೆಲಸ. ಅವನನ್ನು ಅಳಿಯ ಇಟಿಕ್ಯಾಲದ ಕಡೆಯಿಂದ ಕರೆಸಿ ಮನೆಯಲ್ಲೇ ಇಟ್ಟುಕೊಂಡಿದ್ದ.

ಗದ್ವಾಲದ ಪಂದ್ಯದಲ್ಲಿ ಮೈಲಾರಿಗೆ ಪೆಟ್ಟಾಯಿತು. ತಿರುವಿನಲ್ಲಿ ಬಂಡೆ ಓರೆಯಾಗಿ ಎಳೆಯಿತು, ಎಡಗಾಲು ಜಾರಿತು, ಹೆಗಲ ಕೆಳಗೆ ಏನೋ ಹರಿಯಿತು. ಬಿದ್ದರೂ ಎದ್ದು ನಿಂತಿತು. ಆದರೆ ಲಾರಿಯಿಂದ ಇಳಿಸಿ ನಮ್ಮ ಅಂಗಳದ ಹಸಿ ಮಣ್ಣಿನಲ್ಲಿ ನಡೆಸಿದಾಗ ನಾನು ಹೆಜ್ಜೆ ಗುರುತು ನೋಡಿದೆ. ಬಲಗಾಲ ಗೊರಸು ಆಳಕ್ಕೆ ಇಳಿದಿತ್ತು. ಎಡಗಾಲ ಗುರುತು ಮಣ್ಣಿನ ಮೇಲೆ ಬರೀ ಮುಟ್ಟಿದ ಹಾಗಿತ್ತು. ಆ ಕಾಲಿನ ಮೇಲೆ ಭಾರ ಬಿಡುತ್ತಿರಲಿಲ್ಲ.

ಮಕ್ತಲ್‌ನ ದನದ ದವಾಖಾನೆಯಿಂದ ಡಾಕ್ಟರಮ್ಮ ಬಂದಳು. ರಾಯಚೂರು ಕಡೆಯ ಹುಡುಗಿ, ಮಾತು ಕಡಿಮೆ. ಹೆಗಲು ಒತ್ತಿ ಒತ್ತಿ ನೋಡಿ, ಎಲುಬು ಮುರಿದಿಲ್ಲ, ಒಳಗಿನ ಮಾಂಸದ ಕಂಡ ಹರಿದಿದೆ ಎಂದಳು. ಕಲ್ಲು ಬೇಡ. ಬೆಳಿಗ್ಗೆ ಸಂಜೆ ಮೆಲ್ಲಗೆ ನಡೆಸಿ, ದಿನಕ್ಕೆ ಸ್ವಲ್ಪ ಹೆಚ್ಚಿಸಿ. ಬಿಸಿ ಕಾವು ಕೊಡಿ. ಆರಾಮ ಕೊಡಿ. ಇಷ್ಟೇ ಅವಳು ಹೇಳಿದ್ದು.

ಅವಳು ಹೋದ ಮೇಲೆ ಅಳಿಯ ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತು ಹೇಳಿದ, "ಅತ್ತಿ, ನಾರಾಯಣಪೇಟಿ ಪಂದ್ಯಕ್ಕ ಇದು ಎದ್ದು ನಿಂತ್ರ ಇಟಗೋತೀನಿ. ಇಲ್ಲಂದ್ರ ಕೋಸಗಿ ಸಂತಿಗೆ ಹೊಡಿತೀನಿ. ಕುಂಟ ಎತ್ತಿಗೆ ಹುರುಳಿ ಕುದಿಸಿ ಹಾಕಾಕ ನನ್ನ ಕೈಲಿ ಆಗೂದಿಲ್ಲ."

ಅವನ ಮಾತು ತಪ್ಪಲ್ಲ. ಪಂದ್ಯದ ಎತ್ತು ತಿನ್ನುವಷ್ಟು ಮೇವು ಸುಮ್ಮನೆ ನಿಂತ ಎತ್ತಿಗೆ ಯಾರೂ ಹಾಕುವುದಿಲ್ಲ. ಕುಂಟುವ ಎತ್ತನ್ನು ಸಂತೆಯಲ್ಲಿ ಕೊಳ್ಳುವವರು ಯಾರು, ಅದನ್ನು ಎಲ್ಲಿಗೆ ಒಯ್ಯುತ್ತಾರೆ ಎಂಬುದೂ ಎಲ್ಲರಿಗೂ ಗೊತ್ತು. ನಾನು ಅಳುವವಳಲ್ಲ. ಆದರೆ ಅದು ಕರುವಾಗಿದ್ದಾಗ ಹಾಲು ಕುಡಿಯುವುದನ್ನು ಕಲಿಸಿದವಳು ನಾನು. ಅದು ಹಾಗೆ ಹೋಗುವುದು ನನಗೆ ಬೇಡವಾಗಿತ್ತು.

ಹೊಡೆಯುವವನು ತನ್ನ ಬುದ್ಧಿ ಹೇಳಿದ. "ಅಮ್ಮಾ, ಇದನ್ನ ಮಲಗಾಕ ಬಿಡಬ್ಯಾಡ್ರಿ. ಮಲಗಿದ್ರ ಪೆಟ್ಟಿನ ಮ್ಯಾಲ ಮೈಭಾರ ಬೀಳತೈತಿ. ಏಳಾಗ ಮತ್ತ ಹರಿತೈತಿ. ಎರಡೂ ಕಡಿ ಕಣ್ಣಿ ಹಾಕಿ ತಲಿ ಎತ್ತಿ ಕಟ್ರಿ."

ಪಂದ್ಯದ ಮನೆಗಳಲ್ಲಿ ಮೊದಲಿನಿಂದಲೂ ಹೀಗೆ ಕಟ್ಟುವ ರೂಢಿ ಉಂಟು. ಕುತ್ತಿಗೆ ನೆಟ್ಟಗಿರಲಿ ಎಂದು, ಮೈ ಹೊಲಸಾಗದಿರಲಿ ಎಂದು. ನನಗೂ ಸರಿ ಎನಿಸಿತು. ಎರಡು ಗೂಟಗಳಿಗೆ ಎರಡು ಕಣ್ಣಿಯ ಹಗ್ಗ ಬಿಗಿದು ಕಟ್ಟಿದೆವು. ನಿಂತು ಮೇಯಬಹುದು, ನಿಂತು ನೀರು ಕುಡಿಯಬಹುದು. ಮಲಗಲು ಆಗುವುದಿಲ್ಲ.

ಇದು ಸಾಲದೆಂದು ಬೆಳಕು ಬೇರೆ. ಪಂದ್ಯ ಗೊತ್ತಾದ ದಿನದಿಂದ ಅದು ಮುಗಿಯುವ ತನಕ ಕೊಟ್ಟಿಗೆಯಲ್ಲಿ ಬೀರಪ್ಪ ದೇವರ ಹೆಸರಲ್ಲಿ ಹಚ್ಚಿದ ದೀಪ ಆರಬಾರದು. ನನ್ನ ಅಪ್ಪನ ಕಾಲದಲ್ಲಿ ಅದು ಮಣ್ಣಿನ ಪಣತಿ, ಗೋಡೆಯ ಗೂಡಿನಲ್ಲಿ ಮಿಣಿಮಿಣಿ ಅನ್ನುತ್ತಿತ್ತು. ಅಳಿಯ ಪಣತಿಯನ್ನೂ ಇಟ್ಟ, ಅದರ ಜೊತೆಗೆ ತೊಲೆಗೆ ದೊಡ್ಡ ದೊಡ್ಡ ಎಲ್ಇಡಿ ದೀಪಗಳನ್ನೂ ಹಾಕಿಸಿದ. ಒಂದು ಕ್ಯಾಮೆರಾ ಕೂಡ. ಎಲ್ಲೋ ಯಾರದೋ ಎತ್ತಿಗೆ ಆಗದವರು ಏನೋ ತಿನ್ನಿಸಿದರು ಎಂದು ಕೇಳಿದಾಗಿನಿಂದ ಅವನಿಗೆ ಅದೇ ಚಿಂತೆ. ಕೊಟ್ಟಿಗೆಯಲ್ಲಿ ಬೆಕ್ಕು ಹೋದರೂ ಅವನ ಫೋನು ಕೂಗುತ್ತಿತ್ತು. ಅವನು ಪಡಸಾಲೆಯಿಂದ ಓಡಿ ಬರುತ್ತಿದ್ದ. ನಾನು ಅಲ್ಲೇ ಮೂಲೆಯಲ್ಲಿ ಚಾಪೆ ಹಾಸಿಕೊಂಡಿದ್ದೆ, ಪಣತಿಗೆ ಎಣ್ಣೆ ನೋಡಬೇಕಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಪಂದ್ಯ ಅಂದರೆ ಹಾಗೇ ಇರಬೇಕು ಎಂದುಕೊಂಡಿದ್ದೆವು.

ಮೊದಲು ನಡಿಗೆ ಚೆನ್ನಾಗಿತ್ತು. ಊರ ಬಾವಿಯ ತನಕ ಹೋಗಿ ಬರುತ್ತಿದ್ದೆವು. ಎಡಗಾಲ ಗುರುತು ಸ್ವಲ್ಪ ಸ್ವಲ್ಪ ಇಳಿಯತೊಡಗಿತ್ತು. ಆಮೇಲೆ ಗುಣವಾಗುವುದು ನಿಂತುಬಿಟ್ಟಿತು. ಆಮೇಲೆ ಹಿಂದಕ್ಕೆ ಬಂತು. ಬೆಳಿಗ್ಗೆ ಹೊರಡುವಾಗಲೇ ಹೆಜ್ಜೆ ಎಳೆಯುತ್ತಿತ್ತು. ಹುರುಳಿಯನ್ನು ಮೇವು ಹಾಕುವ ಗ್ವಾದಲಿಯಲ್ಲೇ ಬಿಡತೊಡಗಿತು. ನಾನು ಹುರುಳಿಗೆ ಬೆಲ್ಲ ಹಾಕಿದೆ, ಹತ್ತಿಕಾಳು ಅರೆದು ಹಾಕಿದೆ, ಮೊಟ್ಟೆ ಒಡೆದು ಗಂಟಲಿಗೆ ಸುರಿದೆ. ಹೆಗಲಿಗೆ ಮಾಡಿದ ಮಾಲೀಸಿಗೆ ನನ್ನ ಹೆಬ್ಬೆರಳೇ ಊದಿತು. ಎತ್ತಿನ ಪಕ್ಕೆಲುಬು ಕಾಣತೊಡಗಿದವು.

ಮುಂಗಾಲ ಮೊಣಕಾಲ ಮೇಲೆ ಕೂದಲು ಹೋಗಿ ಕೆಂಪಾಗಿದ್ದನ್ನೂ ನೋಡಿದೆ. ಗ್ವಾದಲಿಯ ಕಲ್ಲಿಗೆ ಬಡಿದುಕೊಂಡಿದೆ ಎಂದು ಅರಿಶಿನ ಹಚ್ಚಿದೆ.

ಹೊಡೆಯುವವನು ಅಂದ, "ಇದು ಸೋಮಾರಿ ಆಗೈತ್ರಿ. ಮೈ ಬಿಚ್ಚಬೇಕು. ಹೊಳಿ ಉಸುಕಿನ್ಯಾಗ ನಡಸ್ತೀನಿ."

"ಉಸುಕಿನ್ಯಾಗ ನೀ ನಡದು ನೋಡೀಯೇನು?" ಅಂದೆ.

"ನಾ ಎತ್ತಲ್ರೀ ಅಮ್ಮಾ."

"ಅದು ಗೊತ್ತೈತಿ. ಎತ್ತಿಗೆ ಬುದ್ಧಿ ಇರತೈತಿ."

ಅವನು ನಕ್ಕ. ಆದರೂ ಹೊಳೆಗೆ ಒಯ್ದ. ನಾನೂ ತಡೆಯಲಿಲ್ಲ, ನನಗೂ ಬೇರೆ ದಾರಿ ಕಾಣುತ್ತಿರಲಿಲ್ಲ. ಉಸುಕಿನಲ್ಲಿ ಮೈಲಾರಿ ಮುಗ್ಗರಿಸಿ ಮೊಣಕಾಲೂರಿತು. ಎಬ್ಬಿಸಿ ತಂದಾಗ ಹೆಗಲು ಮೊದಲ ದಿನದಷ್ಟೇ ಬಾತಿತ್ತು. ಅಳಿಯ ಅದನ್ನು ನೋಡಿದ. ಸಂಜೆ ಅವನು ಫೋನಿನಲ್ಲಿ ಯಾರನ್ನೋ ಕೋಸಗಿ ಸಂತೆ ಯಾವಾಗ ಎಂದು ಕೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು.

ಮರುದಿನ ನಾನೇ ಬಸ್ಸು ಹತ್ತಿ ದವಾಖಾನೆಗೆ ಹೋಗಿ ಡಾಕ್ಟರಮ್ಮನನ್ನು ಕರೆತಂದೆ. ಈ ಸಲ ಅವಳು ಹೆಗಲು ಮುಟ್ಟುವ ಮೊದಲು ಮೊಣಕಾಲು ನೋಡಿದಳು. ನೆಲ ನೋಡಿದಳು. ಕಣ್ಣಿ ನೋಡಿದಳು.

"ಅವ್ವಾ, ಇದು ಯಾವಾಗ ಮಲಗತೈತಿ?"

"ಮಲಗೂದಿಲ್ಲ. ನೋಡು, ಪಕ್ಕಿ ಹೆಂಗ ಬೆಳ್ಳಗೈತಿ," ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ನಿಂತಲ್ಲೇ ತೂಕಡಿಸಿ ಕಾಲು ಮಡಚತೈತಿ. ಕಣ್ಣಿ ಜಗ್ಗಿ ಎಚ್ಚರ ಆಗತೈತಿ. ಅದಕ್ಕ ಮೊಣಕಾಲು ಹಿಂಗ ಆಗ್ಯಾವ. ಎಷ್ಟು ದಿನ ಆತು ಹಿಂಗ ಕಟ್ಟಿ?"

"ಪೆಟ್ಟು ಬಿದ್ದಾಗಿಂದ."

"ಅವ್ವಾ, ನಡಸಿದಾಗ ಒಳಗ ಕಂಡಕ್ಕ ದಣಿವು ಆಗತೈತಿ, ಸಣ್ಣಾಗಿ ಹರಿತೈತಿ. ಅದು ಮತ್ತ ಕೂಡೂದು, ಗಟ್ಟಿ ಆಗೂದು, ಎಲ್ಲಾ ಮಲಗಿದಾಗ. ಮಲಗಿ ಮೆಲುಕು ಹಾಕಿ, ತಲಿ ಪಕ್ಕಿಗೆ ಹಚ್ಚಿ ನಿದ್ದಿ ಮಾಡಿದಾಗ. ನೀವು ಹರಿಯೂದು ಅಷ್ಟ ಮಾಡೀರಿ. ಕೂಡಾಕ ಬಿಟ್ಟಿಲ್ಲ."

"ಇದನ್ನ ಮೊದಲ ಹೇಳಬೇಕಿತ್ತು."

"ಆರಾಮ ಕೊಡ್ರಿ ಅಂದಿದ್ನಲ್ಲ."

"ನಮ್ಮ ಕಡಿ ಆರಾಮ ಅಂದ್ರ ಕಲ್ಲು ಎಳಸದೇ ಇರೂದು."

ಅವಳು ಚೀಲ ಎತ್ತಿಕೊಳ್ಳುತ್ತ ನನ್ನ ಕಣ್ಣು ನೋಡಿ, "ನೀವರ ಮಲಗತೀರಿಲ್ಲೋ?" ಅಂದಳು.

"ನಾ ಏನು ಕಲ್ಲು ಎಳೀಬೇಕಾ? ಹೋಗು, ಬಸ್ಸು ತಪ್ಪತೈತಿ."

ಅವಳು ಬೆನ್ನು ತಿರುಗಿಸುವ ಮೊದಲೇ ಒಂದು ಕಣ್ಣಿ ಬಿಚ್ಚಿದೆ, ಇನ್ನೊಂದನ್ನು ಉದ್ದ ಬಿಟ್ಟೆ. ಬಂಡೆಗಲ್ಲಿನ ನೆಲದ ಮೇಲೆ ಜೋಳದ ಕಣಿಕೆಯ ಚೂರು, ಶೇಂಗಾ ಹೊಟ್ಟು ದಪ್ಪಗೆ ಹಾಸಿದೆ. ಇನ್ನೇನು, ಮಲಗುತ್ತದೆ ಎಂದುಕೊಂಡೆ. ಬೆಳಿಗ್ಗೆ ಪಕ್ಕೆ ನೋಡಿದರೆ ಬೆಳ್ಳಗೆ. ಮರುದಿನವೂ ಬೆಳ್ಳಗೆ. ಪಕ್ಕದಲ್ಲೇ ಕಟ್ಟಿದ್ದ ಮೈಲಾರಿಯ ಜೋಡಿ ಎತ್ತು ಕಾಲು ಚಾಚಿ ಮಲಗುತ್ತಿತ್ತು, ಅದು ಎಳೆಯದು, ಅದಕ್ಕೆ ಯಾವ ಚಿಂತೆ. ಮೈಲಾರಿ ಮುಂಗಾಲು ಮಡಚಲು ಹೋಗುತ್ತಿತ್ತು, ಅಷ್ಟರಲ್ಲಿ ಫೋನು ಕೂಗಿ ಅಳಿಯ ಬರುತ್ತಿದ್ದ, ಅದು ಮತ್ತೆ ನೆಟ್ಟಗೆ ನಿಲ್ಲುತ್ತಿತ್ತು. ಮೇಲಿನ ಬೆಳಕು ಅದರ ಕಣ್ಣಿಗೇ ಹೊಡೆಯುತ್ತಿತ್ತು. ಇಷ್ಟು ದಿನ ಹೆಮ್ಮೆಯಿಂದ ನೋಡಿದ ಆ ಬಿಳಿ ಪಕ್ಕೆ ಈಗ ನನಗೆ ಕಣ್ಣಿಗೆ ಮಣ್ಣು ಬಿದ್ದ ಹಾಗೆ ಚುಚ್ಚತೊಡಗಿತು.

"ದೊಡ್ಡ ದೀಪ ಆರಿಸು," ಅಂದೆ ಅಳಿಯನಿಗೆ.

"ಆರಿಸಿದ್ರ ಕ್ಯಾಮೆರಾದಾಗ ಕಾಣೂದಿಲ್ಲ. ಯಾರರ ಬಂದು ಏನರ ತಿನ್ನಿಸಿದ್ರ?"

"ಹಿಂಗ ಇದ್ರ ಯಾರೂ ತಿನ್ನಸೂದು ಬ್ಯಾಡ. ತಾನ ಸಾಯತೈತಿ."

"ಪಂದ್ಯ ಮುಗಿಯೂ ತನಕ ಬೆಳಕು ಆರಬಾರದು ಅತ್ತಿ. ನೀನ ಹೇಳ್ತಿದ್ದಿ, ಈಗ ನೀನ ಬ್ಯಾಡ ಅಂತಿ."

ಅದೂ ನಿಜ. ಹೇಳಿದವಳು ನಾನೇ. ದಿನಗಳು ಓಡುತ್ತಿದ್ದವು. ನಾರಾಯಣಪೇಟೆಯ ಪಂದ್ಯದ ಪೋಸ್ಟರು ನಮ್ಮ ಬಸ್ ನಿಲ್ದಾಣದ ಗೋಡೆಗೂ ಬಂದಿತ್ತು. ನಾನು ಕೊಟ್ಟಿಗೆಯಲ್ಲಿ ಒಂದು ಕಡೆ ಕೂರಲಾರದೆ, ಇದ್ದ ಕಸವನ್ನೇ ಮತ್ತೆ ಗುಡಿಸುತ್ತ, ತುಂಬಿದ ನೀರಿನ ಬಾನಿಯನ್ನೇ ಮತ್ತೆ ತುಂಬುತ್ತ ಓಡಾಡಿದೆ. ದೇವರ ದೀಪ ಆರಿಸುವ ಧೈರ್ಯ ನನಗೂ ಇಲ್ಲ. ಎತ್ತು ಬೆಳಕಿನಲ್ಲಿ ಮಲಗುವುದಿಲ್ಲ.

ಆ ಹೊತ್ತಿಗೆ ನಮ್ಮ ಹೊಲದಲ್ಲಿ ಕುರಿ ನಿಲ್ಲಿಸಿದ್ದೆವು. ಕುರುಬರು ಮಂದೆ ತಂದು ಹೊಲದಲ್ಲಿ ತಂಗುತ್ತಾರೆ, ಹೊಲಕ್ಕೆ ಗೊಬ್ಬರವಾಗುತ್ತದೆ. ಅವರಿಗೆ ರೊಟ್ಟಿ ಕೊಡಲು ಹೋದವಳು ಕುರಿ ಕೂಡುವ ಹಟ್ಟಿಯ ನೆಲದ ಮೇಲೆ ಕಾಲಿಟ್ಟೆ. ಕುರಿಗಳು ತುಳಿದು ತುಳಿದು ಮಣ್ಣು ಹಿಟ್ಟಾಗಿತ್ತು, ಹಿಕ್ಕೆ ಬೆರೆತು ಬೆಚ್ಚಗಿತ್ತು. ನನ್ನ ಹಿಮ್ಮಡಿ ಅದರಲ್ಲಿ ಹೂತುಹೋಯಿತು. ಸುತ್ತ ನಾಯಿಗಳು. ಅಲ್ಲಿಗೆ ಹೊಸಬರು ಕಾಲಿಡುವ ಹಾಗಿಲ್ಲ. ಕರೆಂಟಿನ ಕಂಬ ಹತ್ತಿರದಲ್ಲಿ ಒಂದೂ ಇಲ್ಲ.

ನಾನು ಮನೆಗೆ ಬಂದು ನೇರ ಮೈಲಾರಿಯ ಕಣ್ಣಿ ಬಿಚ್ಚಿದೆ. ಅಂಗಳದಲ್ಲಿ ಅಳಿಯ ಅಡ್ಡ ಬಂದ.

"ಎಲ್ಲಿಗೆ?"

"ಹೊಲಕ್ಕ. ಕುರಿ ಹಟ್ಟ್ಯಾಗ ಕಟ್ತೀನಿ. ಇನ್ನ ಅಲ್ಲೇ ಇರತೈತಿ."

"ದೇವರ ದೀಪ ಬಿಟ್ಟು ಎತ್ತನ್ನ ಕತ್ತಲಿಗೆ ಒಯ್ತಿಯೇನು?"

"ದೀಪ ಇಲ್ಲೇ ಉರೀಲಿ, ನೀನ ಎಣ್ಣಿ ಹಾಕು. ಬೀರಪ್ಪ ಕುರಿ ಕಾಯೋ ದೇವರು. ಅವಂಗ ಹಟ್ಟಿ ದಾರಿ ನಾ ತೋರಸಬೇಕಾ?"

ಹೊಡೆಯುವವನು ಬಾಗಿಲಲ್ಲಿ ನಿಂತು ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ಅಳಿಯನಿಗೆ ಅದರಿಂದ ಇನ್ನೂ ಸಿಟ್ಟು ಬಂತು. "ಹಾವು ಕಡೀಲಿ, ಕಳ್ಳರು ಒಯ್ಯಲಿ, ನನ್ನ ಮುಂದ ಅಳಾಕ ಬರಬ್ಯಾಡ," ಅಂದ.

"ನಾ ಯಾವಾಗ ಅತ್ತೀನಿ ನಿನ್ನ ಮುಂದ?" ಅಂದು ಎತ್ತು ಹೊಡೆದುಕೊಂಡು ಹೋದೆ.

ಕುರುಬನ ಹೆಂಡತಿ ಹಟ್ಟಿಯ ಒಂದು ಅಂಚಿನಲ್ಲಿ ಜಾಗ ಮಾಡಿಕೊಟ್ಟಳು. ನಾನೂ ಅಲ್ಲೇ ಕಂಬಳಿ ಹಾಸಿದೆ. ಮೊದಲ ಬೆಳಿಗ್ಗೆ ಪಕ್ಕೆ ಬೆಳ್ಳಗೇ ಇತ್ತು. ಕುರಿಗಳ ಕೆಮ್ಮು, ನಾಯಿಗಳ ಓಡಾಟ ಅದಕ್ಕೆ ಹೊಸತು. ಅಳಿಯನಿಗೆ ಏನು ಹೇಳಲಿ ಎಂದುಕೊಂಡೆ. ಮರುದಿನ ಎದ್ದು ನೋಡಿದರೆ ಬಲಪಕ್ಕೆಯ ತುಂಬ ಮಣ್ಣು, ಕುರಿ ಹಿಕ್ಕೆ, ಸಗಣಿ. ಕುರುಬನ ಹೆಂಡತಿ "ಅಯ್ಯ, ಹೊಲಸ ಆತಲ್ಲವ್ವಾ, ತೊಳೀಲೇನು?" ಅಂದಳು. ಮುಟ್ಟಬೇಡ ಅಂದೆ.

ಅದರ ಮರುದಿನ ಹೊಡೆಯುವವನು ನಸುಕಿನಲ್ಲಿ ನಡೆಸಲು ಬಂದ. ಮೈಲಾರಿ ಮಲಗಿತ್ತು, ಕುತ್ತಿಗೆ ಹೊರಳಿಸಿ ಮೂತಿಯನ್ನು ಪಕ್ಕೆಗೆ ಇಟ್ಟಿತ್ತು.

"ಎಬ್ಬಸ್ರಿ, ಬಿಸಲು ಏರತೈತಿ."

"ತಾನ ಎದ್ದಾಗ ನಡಸು."

"ಅದು ಮಧ್ಯಾಹ್ನಕ್ಕ ಎದ್ರ?"

"ಮಧ್ಯಾಹ್ನ ನಡಸು. ಅಲ್ಲೀತನಕ ನೀನೂ ಮಲಗು. ನಿನ್ನ ಮುಖ ನೋಡು, ರಾತ್ರಿಯೆಲ್ಲಾ ಫೋನ್ ನೋಡಿ ಕಣ್ಣು ಬೀಟ್ರೂಟ್ ಆಗ್ಯಾವ."

ಗೊಣಗಿದ, ಬೇವಿನ ಮರದ ಕೆಳಗೆ ಟವೆಲು ಹಾಸಿ ಮಲಗಿದ. ಎತ್ತು ಎದ್ದಾಗ ಅವನನ್ನೇ ಎಬ್ಬಿಸಬೇಕಾಯಿತು.

ಅಲ್ಲಿಂದ ಕೆಲಸದ ಕ್ರಮ ಬದಲಾಯಿತು. ಹೊಟ್ಟೆ ತುಂಬ ಮೇಯುವುದು, ಮಲಗಿ ಮೆಲುಕು ಹಾಕುವುದು, ಎದ್ದ ಮೇಲೆ ನಡಿಗೆ, ಮತ್ತೆ ಮಲಗುವುದು. ಮೈಭಾರ ಬಿದ್ದು ಹೆಗಲು ಹರಿಯಲಿಲ್ಲ. ನೋಯುವ ಕಡೆಗೆ ಅದೇ ಮಲಗುತ್ತಿರಲಿಲ್ಲ, ಯಾವಾಗಲೂ ಬಲಪಕ್ಕೆ. ಅದಕ್ಕೆ ತನ್ನ ಮೈ ಗೊತ್ತಿತ್ತು. ಬಾವು ಇಳಿಯಿತು. ಬರೀ ನೊಗ ಹಾಕಿ ನಡೆಸಿದೆವು, ಆಮೇಲೆ ಮರದ ದಿಮ್ಮಿ. ದಿಮ್ಮಿ ಎಳೆದ ದಿನ ಚೆನ್ನಾಗಿತ್ತೆಂದು ಹೊಡೆಯುವವನು ನನಗೆ ಹೇಳದೆ ಮರುದಿನವೇ ಸಣ್ಣ ಕಲ್ಲು ಕಟ್ಟಿದ. ಹೆಗಲು ಮತ್ತೆ ಬಿಸಿಯಾಯಿತು. ಅವನಿಗೆ ಬಾಯಿಗೆ ಬಂದದ್ದು ಬೈದೆ. ಎಲ್ಲ ನಿಲ್ಲಿಸಿ ಬರೀ ಮಲಗಲು ಬಿಟ್ಟೆವು. ಆಮೇಲೆ ಒಂದು ದಿನ ಎಳೆಸಿದರೆ ಮರುದಿನ ಬಿಡುವುದು ಎಂದು ಮಾಡಿಕೊಂಡೆವು. ಮೇವು ಅಷ್ಟೇ, ಮಾಲೀಸು ಅಷ್ಟೇ. ಹುರುಳಿ ಮೈಗೆ ಹತ್ತತೊಡಗಿತು.

ಒಂದು ಬೆಳಿಗ್ಗೆ ಎಡಪಕ್ಕೆಯ ಮೇಲೆ ಮಣ್ಣು ಇತ್ತು. ನಾನು ಕೈಯಿಂದ ಮುಟ್ಟಿ ನೋಡಿದೆ. ಪೆಟ್ಟಾದ ಕಡೆಗೇ ಮಲಗಿ ಎದ್ದಿತ್ತು. ಅಳಿಯನನ್ನು ಕರೆದು ತೋರಿಸಿದೆ. ಅವನು ಬಗ್ಗಿ ಆ ಹೊಲಸನ್ನು ನೋಡಿದ. "ಯಾರರ ನೋಡಿದ್ರ ಏನಂದಾರು," ಅಂದ. ತೊಳೆಯಲು ಮಾತ್ರ ಹೇಳಲಿಲ್ಲ.

ನಾರಾಯಣಪೇಟೆಗೆ ಎಲ್ಲರೂ ಹಿಂದಿನ ದಿನವೇ ಹೋಗುತ್ತಾರೆ. ಹಲಗೆ ಬಾರಿಸಿ ಮೆರೆಸುತ್ತಾರೆ, ಬಯಲಿನಲ್ಲಿ ದೀಪ, ಮೈಕು. ನಾನು ಎತ್ತಿಗೆ ನಿದ್ದೆ ಆಗಲಿ, ಪಂದ್ಯದ ದಿನ ಬೆಳಿಗ್ಗೆ ಹೋಗೋಣ ಅಂದೆ. ಲಾರಿ ಕೆಟ್ಟರೆ ಏನು ಗತಿ ಎಂದು ಅಳಿಯ ತಕರಾರು ಮಾಡಿದ, ಆದರೂ ಒಪ್ಪಿದ. ದಾರಿಯುದ್ದಕ್ಕೂ ನನಗೆ ಸಮಾಧಾನ ಇಲ್ಲ, ಲಾರಿ ಪ್ರತಿ ಗುಂಡಿಗೆ ಜಿಗಿದಾಗಲೂ ಹಿಂದಿನ ಕಿಂಡಿಯಿಂದ ಎತ್ತಿನ ಕಾಲು ನೋಡುತ್ತಿದ್ದೆ.

ಎತ್ತಿನ ಹಲ್ಲು ನೋಡಿ ವಯಸ್ಸು ಗುರುತಿಸಿದರು, ಸರದಿಗೆ ಚೀಟಿ ಎತ್ತಿದರು. ನಮ್ಮ ಸರದಿ ಕೊನೆಯ ಕಡೆಗೆ ಬಂತು. ಬಯಲಿನ ಅಂಚಿನ ಹುಣಸೆಮರದ ಕೆಳಗೆ ಕಟ್ಟಿದೆವು. ಅಷ್ಟು ಗದ್ದಲದಲ್ಲಿ ಮೈಲಾರಿ ಮುಂಗಾಲು ಮಡಚಿ ಕೂತಿತು, ಕುತ್ತಿಗೆ ಹೊರಳಿಸಿತು, ಕಣ್ಣು ಮುಚ್ಚಿತು. ರಾಜೋಳಿಯಿಂದ ಬಂದಿದ್ದ ಒಬ್ಬ ಪಂದ್ಯದವನು ತನ್ನ ನಿಂತ ಎತ್ತಿಗೆ ಒರಗಿ ಕೇಳಿದ, "ಅವ್ವಾ, ಕಲ್ಲು ಎಳ್ಯಾಕ ತಂದೀರೋ, ಹೂಳಾಕ ತಂದೀರೋ?"

"ಮೆಲ್ಲಕ ಮಾತಾಡು, ಅದು ಮಲಗೈತಿ," ಅಂದೆ.

ಮೈಕಿನಲ್ಲಿ ನಮ್ಮ ಊರ ಹೆಸರು ಕೂಗಿದರು. ಅಳಿಯ ಓಡಿ ಬಂದವನು ಎತ್ತನ್ನು ನೋಡಿ ನಿಂತ. ನನ್ನ ಕಡೆ ತಿರುಗಿ, "ಅತ್ತಿ, ಎಬ್ಬಸಲೇನು?" ಅಂದ. ಇಷ್ಟು ದಿನದಲ್ಲಿ ಅವನು ನನ್ನನ್ನು ಕೇಳಿದ್ದು ಅದೇ ಮೊದಲು.

"ಎಬ್ಬಸು. ಹಾಸಿಗಿ ಹಿಡಿಲಿ ಅಂತ ಮಲಗಸಿಲ್ಲ." ನಾನೇ ಅದರ ಬೆನ್ನಿಗೆ ಒಂದು ಬಿಟ್ಟೆ. ಎದ್ದು ಮೈ ಮುರಿಯಿತು. ಮಲಗಿ ಎದ್ದ ದನ ಹಾಗೆ ಮೈ ಮುರಿದರೆ ಒಳಗೆ ಸರಿಯಿದೆ ಎಂದರ್ಥ.

ಎಳೆಯುವುದನ್ನು ನಾನು ತಲೆ ಎತ್ತಿ ನೋಡಲಿಲ್ಲ. ಜನರ ಕಾಲುಗಳ ನಡುವೆ ಕುಳಿತು ಎಡಗಾಲನ್ನೇ ನೋಡಿದೆ. ಮೊದಲ ತಿರುವು. ಎರಡನೆಯದು. ಬಂಡೆ ಓರೆಯಾದಾಗ ಕಾಲು ಅಗಲಕ್ಕೆ ಹೋಯಿತು, ಗೊರಸು ಮಣ್ಣು ಕಚ್ಚಿ ನಿಂತಿತು. ಹೊಡೆಯುವವನು ಬಾರುಕೋಲು ಎತ್ತಿದ್ದ, ಹೊಡೆಯಲಿಲ್ಲ. ಸೀಟಿ ಊದಿದರು.

ಬಹುಮಾನ ರಾಜೋಳಿಯವರಿಗೆ ಹೋಯಿತು. ನಮ್ಮದು ಎರಡನೆಯ ಜೋಡಿಗೂ ಹಿಂದೆ. ಅಳಿಯ ಮುಖ ಸಣ್ಣದು ಮಾಡಿಕೊಂಡು ಮೈಕಿನ ಕಡೆ ಕಿವಿ ಕೊಟ್ಟು ನಿಂತಿದ್ದ. ನಾನು ಅವನ ತೋಳು ಹಿಡಿದು ಬಯಲಿಗೆ ಎಳೆದುಕೊಂಡು ಹೋದೆ. ನೀರು ಚಿಮುಕಿಸಿದ ಮಣ್ಣಿನಲ್ಲಿ ನಮ್ಮ ಎತ್ತಿನ ಹೆಜ್ಜೆ ಹಾಗೇ ಇದ್ದವು. ಬೆರಳು ಇಳಿಬಿಟ್ಟು ತೋರಿಸಿದೆ. ಬಲಗಾಲದ್ದು ಇಷ್ಟು ಆಳ. ಎಡಗಾಲದ್ದೂ ಅಷ್ಟೇ.

ಅವನೂ ಕುಕ್ಕರಗಾಲಲ್ಲಿ ಕೂತು ಬೆರಳು ಹಾಕಿ ನೋಡಿದ. "ಹೂಂ," ಅಂದ. ಕೋಸಗಿಯ ಮಾತು ಮತ್ತೆ ಬರಲಿಲ್ಲ.

ಮನೆಗೆ ಬಂದು ಎತ್ತು ಕಟ್ಟಿ, ಉದ್ದ ಕಣ್ಣಿ ಬಿಟ್ಟು, ಹೊಟ್ಟು ಹಾಸಿದೆ. ಅಳಿಯ ಯಾರಿಗೂ ಹೇಳದೆ ತೊಲೆಯ ದೀಪಗಳನ್ನು ಆರಿಸಿದ. ಪಣತಿಯ ಎಣ್ಣೆ ತಾನೇ ಮುಗಿಯಲಿ ಎಂದು ಬಿಟ್ಟೆವು. ನಾನು ಮೂಲೆಯಲ್ಲಿ ಚಾಪೆ ಹಾಸಿ, ಇಷ್ಟು ದಿನದ ರೂಢಿ, ಎಣ್ಣೆ ನೋಡಲು ಏಳಬೇಕು ಎಂದುಕೊಂಡು ಒರಗಿದೆ.

ಬೆಳಿಗ್ಗೆ ಅಳಿಯ ನನ್ನ ಮೇಲೆ ಬಗ್ಗಿ ನಿಂತಿದ್ದ. ಬಾಗಿಲಲ್ಲಿ ಬಿಸಿಲು ಬಂದಿತ್ತು.

"ಅತ್ತಿ, ನಿನ್ನ ಗಲ್ಲದ ಮ್ಯಾಲ ಚಾಪಿ ಗೆರಿ ಮೂಡ್ಯಾವ."

ನಾನು ಗಲ್ಲ ಒರೆಸಿಕೊಂಡೆ. ಗೆರೆ ಹೋಗಲಿಲ್ಲ. "ಹೊತ್ತು ಇಷ್ಟು ಏರೈತಿ," ಅಂದೆ, "ಎತ್ತಿಗೆ ಮೇವು ಹಾಕಿಯೇನು?"

"ಹಾಕೀನಿ. ಅದೂ ಇನ್ನೂ ಎದ್ದಿಲ್ಲ."